ಕಾಗದದ ಕೊಕ್ಕರೆ: ನೀವು ಇಪ್ಪತ್ತೈದು ಮಾಡಿ ಸಾಕು

ಮೊದಲು ಫ್ಯಾನ್ ಆಫ್ ಮಾಡಿ. ಕಲಬುರಗಿ ಬಿಸಿಲಲ್ಲಿ ಇದು ಕಷ್ಟ, ಗೊತ್ತು, ಆದ್ರೆ ತೆಳು ಹಾಳೆ ಹಾರಿಹೋಗುತ್ತೆ. ನಾನು ಓಣಿಯ ಮಕ್ಕಳ ಜೊತೆ ಬೆಳಿಗ್ಗೆ ಏಳಕ್ಕೇ ಕಟ್ಟೆ ಮೇಲೆ ಕೂರುವುದು ಅದಕ್ಕೇ.

ದುಬಾರಿ ಕಾಗದ ಬೇಡ. ಜಪಾನಿನ ಹಿರೋಶಿಮಾದ ಸಡಾಕೊ ಸಸಾಕಿ ಅನ್ನೋ ಹುಡುಗಿ ಆಸ್ಪತ್ರೆಯಲ್ಲಿ ಔಷಧಿ ಸುತ್ತಿದ ಕಾಗದದಲ್ಲೂ ಕೊಕ್ಕರೆ ಮಡಿಸಿದ್ದಳು. 1945ರ ಆಗಸ್ಟ್ 6ರಂದು ಅಲ್ಲಿ ಅಣುಬಾಂಬ್ ಬಿದ್ದಾಗ ಅವಳಿಗೆ ಎರಡು ವರ್ಷ, ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿದ್ದು ಸುಮಾರು ಹತ್ತು ವರ್ಷ ಆದ ಮೇಲೆ. ಕೊಕ್ಕರೆ ಸಾವಿರ ವರ್ಷ ಬದುಕುತ್ತದೆ, ಸಾವಿರ ಮಡಿಸಿದರೆ ಬೇಡಿಕೊಂಡಿದ್ದು ಆಗುತ್ತದೆ ಅನ್ನೋದು ಜಪಾನಿನವರ ಹಳೆಯ ನಂಬಿಕೆ. ಸಾವಿರ ಮುಗಿಯುವ ಮೊದಲೇ ಅವಳು ಹೋದಳು ಅಂತ ಕಥೆ ಓಡಾಡುತ್ತದೆ, ಆದರೆ ಸಾವಿರ ದಾಟಿದ್ದಳು ಅಂತ ಅವಳ ಮನೆಯವರೇ ಹೇಳಿದ್ದಾರೆ. 1955ರ ಅಕ್ಟೋಬರ್ 25ರಂದು ತೀರಿಕೊಂಡಾಗ ಅವಳಿಗೆ 12 ವರ್ಷ. ಆಮೇಲೆ ಅವಳ ಜೊತೆ ಓದಿದ ಮಕ್ಕಳು ಸುಮ್ನೆ ಕೂರಲಿಲ್ಲ, ಹಣ ಕೂಡಿಸಲು ಹೊರಟರು, 1958ರಲ್ಲಿ ಅಲ್ಲಿ ಮಕ್ಕಳ ಶಾಂತಿ ಸ್ಮಾರಕ ನಿಂತಿತು.

ಈಗ ಮಡಿಸೋಣ. 15 ಸೆಂಟಿಮೀಟರ್ ಚೌಕದ ಹಾಳೆ ಕಲಿಯಲು ಒಳ್ಳೆಯದು. ಪತಂಗದ ಕಾಗದ ಚೆನ್ನಾಗಿ ಮಡಿಯುತ್ತದೆ, ಮದುವೆ ಕಾರ್ಡ್ ದಪ್ಪ, ಬೇಡ. ಬಣ್ಣದ ಬದಿ ಮೇಲಿಟ್ಟು ಮೂಲೆಗೆ ಮೂಲೆ ಎರಡೂ ಕಡೆ ಮಡಿಸಿ, ಬಿಚ್ಚಿ. ಹಾಳೆ ತಿರುವಿ. ಈಗ ಅಂಚಿಗೆ ಅಂಚು ಕೂಡಿಸಿ ಎರಡೂ ಕಡೆ ಮಡಿಸಿ, ಬಿಚ್ಚಿ. ಮೂರು ಮೂಲೆಗಳನ್ನು ನಾಲ್ಕನೆಯದರ ಹತ್ತಿರ ತಂದರೆ ಹಾಳೆ ತಾನೇ ಕುಸಿದು ಚಿಕ್ಕ ಚೌಕ ಆಗುತ್ತದೆ.

ತೆರೆದ ಮೂಲೆ ನಿಮ್ಮ ಕಡೆ ಇರಲಿ. ಮೇಲಿನ ಪದರದ ಎಡ ಬಲ ಅಂಚುಗಳನ್ನು ನಡುಗೆರೆಗೆ ತನ್ನಿ, ಮೇಲ್ತುದಿಯ ತ್ರಿಕೋನವನ್ನು ಕೆಳಗೆ ಮಡಿಸಿ, ಉಗುರಿನಿಂದ ಗಟ್ಟಿಯಾಗಿ ತೀಡಿ, ಈ ಮೂರೂ ಮಡಿಕೆ ಬಿಚ್ಚಿ. ಈಗ ಕೆಳಗಿನ ಮೂಲೆಯ ಒಂದೇ ಪದರ ಹಿಡಿದು ಮೇಲಕ್ಕೆ ಎತ್ತಿ. ಎರಡೂ ಬದಿ ಒಳಗೆ ಬಂದು ಉದ್ದನೆಯ ವಜ್ರದಾಕಾರ ಆಗುತ್ತದೆ. ಎಲ್ಲರೂ ನಿಲ್ಲೋದು ಇಲ್ಲೇ. ಎಳೆಯಬೇಡಿ, ಮೊದಲಿನ ಗೆರೆಗಳು ಗಟ್ಟಿಯಾಗಿದ್ದರೆ ಕಾಗದವೇ ದಾರಿ ತೋರಿಸುತ್ತದೆ. ಹಿಂದೆಯೂ ಹಾಗೇ ಮಾಡಿ.

ಸೀಳು ಇರುವ ತುದಿಯಲ್ಲಿ ಎರಡು ಕಾಲುಗಳಿವೆ ನೋಡಿ. ಅವುಗಳ ಅಂಚನ್ನು ಎರಡೂ ಮುಖದಲ್ಲಿ ನಡುಗೆರೆಗೆ ಮಡಿಸಿ ಸಣ್ಣ ಮಾಡಿ. ಪ್ರತಿ ಕಾಲನ್ನೂ ರೆಕ್ಕೆಗಳ ನಡುವೆ ಒಳಮಡಿಸಿ ಮೇಲಕ್ಕೆ ತನ್ನಿ. ಒಂದು ಕುತ್ತಿಗೆ, ಒಂದು ಬಾಲ. ಕುತ್ತಿಗೆ ತುದಿ ಬಗ್ಗಿಸಿದರೆ ತಲೆ. ರೆಕ್ಕೆ ಬಿಡಿಸಿ, ಹೊಟ್ಟೆ ಕೆಳಗಿನ ತೂತಿಗೆ ಮೆಲ್ಲಗೆ ಊದಿ.

ಜಪಾನಿನಲ್ಲಿ ಸಾಮಾನ್ಯವಾಗಿ 25ರ ಒಂದು ಸರ, ಅಂಥ 40 ಸರ. ನಮ್ಮ ಶಾಲೆಯ 40 ಮಕ್ಕಳ ಒಂದು ಕ್ಲಾಸ್ ತಲಾ ಇಪ್ಪತ್ತೈದು ಮಾಡಿದರೆ ಸಾವಿರ ಮುಗಿದೇ ಹೋಯಿತು, ಅಲ್ವಾ? ಸರಕ್ಕೆ 7.5 ಸೆಂಟಿಮೀಟರ್ ಹಾಳೆ ಸಾಕು. ಕೌದಿ ಹೊಲಿಯುವ ದಾರ ಗಟ್ಟಿ. ಕೆಳಗೊಂದು ಗುಂಡಿ ಕಟ್ಟಿ, ಹೊಟ್ಟೆಯ ತೂತಿನಿಂದ ಸೂಜಿ ಹಾಕಿ ಬೆನ್ನಿನ ತುದಿಯಲ್ಲಿ ತೆಗೆಯಿರಿ. ಬಿಸಿಲು ಬೀಳುವ ಕಿಟಕಿಗೆ ಮಾತ್ರ ಕಟ್ಟಬೇಡಿ, ಬಣ್ಣ ಬೇಗ ಹೋಗುತ್ತೆ.