ಲಿಂಕ್ ಕಳುಹಿಸಿದರೆ ಸಾಲದು: ಇಡೀ ಆಲ್ಬಂ ಕೇಳಿಸುವ ಬಗೆ

ಕೇಳಲು ಒಳ್ಳೆಯ ಆಲ್ಬಂ ಯಾವುದಿದೆ ಎಂದು ಯಾರಾದರೂ ವಿಚಾರಿಸಿದರೆ ನಮ್ಮಲ್ಲಿ ಹೆಚ್ಚಿನವರು ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಹದಿನೈದು ಲಿಂಕ್‌ಗಳನ್ನು ಒಟ್ಟಿಗೆ ಸುರಿದು, ‘ಎಲ್ಲವೂ ಅದ್ಭುತ, ಕೇಳಿ ನೋಡಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ವಿಚಾರಿಸಿದವರು ಮೊದಲನೆಯ ಲಿಂಕ್ ಒತ್ತಿ, ಒಂದೂವರೆ ಹಾಡು ಕೇಳುವಷ್ಟರಲ್ಲಿ ಯಾರದೋ ಕರೆ ಬಂದು, ಮರುದಿನ ಹೆಬ್ಬೆರಳಿನ ಚಿಹ್ನೆಯೊಂದನ್ನು ಕಳುಹಿಸಿ ವಿಷಯವನ್ನು ಮುಗಿಸುತ್ತಾರೆ. ಇಬ್ಬರಿಗೂ ಬೇಸರವಿಲ್ಲ, ಆದರೆ ಆಲ್ಬಂ ಮಾತ್ರ ಕೇಳದೆ ಉಳಿಯುತ್ತದೆ. ಆದಿಯಿಂದ ಅಂತ್ಯದವರೆಗೆ ಕೇಳಬೇಕಾದ, ಮತ್ತೆ ಮತ್ತೆ ಕೇಳಿದಾಗಲೇ ಬಿಚ್ಚಿಕೊಳ್ಳುವ ಆಲ್ಬಂ ಒಂದನ್ನು ಇನ್ನೊಬ್ಬರಿಗೆ ಸೂಚಿಸುವುದಕ್ಕೆ ಕ್ರಮವೊಂದಿದೆ. ಅದರಲ್ಲಿ ಮುಖ್ಯವಾದದ್ದು ಎರಡನೆಯ ಸಲ ಏನನ್ನು ಕೇಳಿಸಿಕೊಳ್ಳಬೇಕು ಎಂದು ಹೇಳಿಕೊಡುವುದು.

ಮೊದಲ ಹಂತ: ಒಂದನ್ನೇ ಆರಿಸಿ

ಎರಡು ಬೇಡ, ಒಂದೇ ಸಾಕು. ಆರಿಸುವುದಕ್ಕೆ ನಾನು ಬಳಸುವ ಪರೀಕ್ಷೆ ಸರಳವಾದದ್ದು. ಒಂದು ಹಾಡು ಮುಗಿದು ಮುಂದಿನದು ಆರಂಭವಾಗುವ ನಡುವಿನ ಮೌನದಲ್ಲಿ, ಮುಂದಿನ ಹಾಡಿನ ಮೊದಲ ಸ್ವರ ನಿಮ್ಮ ಕಿವಿಯಲ್ಲಿ ತಾನಾಗಿ ಮೂಡಿದರೆ, ಆ ಆಲ್ಬಂನಲ್ಲಿ ಅನುಕ್ರಮಕ್ಕೆ ಬೆಲೆ ಇದೆ ಎಂದರ್ಥ. ಮೂಡದಿದ್ದರೆ ಅದು ಹಾಡುಗಳ ಸಂಗ್ರಹ. ಸಂಗ್ರಹವೂ ಒಳ್ಳೆಯದಿರಬಹುದು, ಆದರೆ ಈ ಕೆಲಸಕ್ಕೆ ಬರುವುದಿಲ್ಲ. ಚಲನಚಿತ್ರ ಗೀತೆಗಳನ್ನೂ ಇದೇ ಕಾರಣಕ್ಕೆ ಬಿಡಿ, ಅವುಗಳ ಅನುಕ್ರಮ ಚಿತ್ರದ ಕಥೆಯಲ್ಲಿರುತ್ತದೆಯೇ ಹೊರತು ಹಾಡಿನ ತಟ್ಟೆಯಲ್ಲಿರುವುದಿಲ್ಲ.

ಅವಧಿಯೂ ಮುಖ್ಯ. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್.ಪಿ. ತಟ್ಟೆಯನ್ನು ಕೊಲಂಬಿಯಾ ಕಂಪನಿ 1948ರಲ್ಲಿ ಮಾರುಕಟ್ಟೆಗೆ ತಂದ ಮೇಲೆ, ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು, ಎರಡೂ ಬದಿ ಸೇರಿ ನಲವತ್ತು ಚಿಲ್ಲರೆ ನಿಮಿಷ ಎಂಬ ಅಳತೆ ಬಂದಿತು. ಕೆಲಸಕ್ಕೆ ಹೋಗುವ ಮನುಷ್ಯ ಒಂದು ಸಂಜೆಯಲ್ಲಿ ಬಿಡುವು ಮಾಡಿಕೊಳ್ಳಬಹುದಾದ ಅವಧಿಯೂ ಅಷ್ಟೇ ಆದ್ದರಿಂದ ಐವತ್ತು ನಿಮಿಷ ಮೀರಿದ್ದನ್ನು ಮೊದಲ ಸಲಕ್ಕೆ ಕೊಡಬೇಡಿ.

ಶಾಸ್ತ್ರೀಯ ಸಂಗೀತದ ಅಲ್ಪಸ್ವಲ್ಪ ಪರಿಚಯವಿರುವವರಿಗೆ ನಾನು ಕೊಡುವುದು 1967ರ ‘ಕಾಲ್ ಆಫ್ ದ ವ್ಯಾಲಿ’. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್ ಮತ್ತು ಮಾಣಿಕರಾವ್ ಪೋಪಟ್ಕರ್ ಅವರ ತಬಲಾ ಇದರಲ್ಲಿವೆ. ರಾಗಗಳ ಹೆಸರಿಗೇ ಹೆದರುವವರಿಗೆ ಜಾಜ್ ಸಂಗೀತದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’. ಮಾತಿರುವ ಹಾಡೇ ಬೇಕು, ಇಂಗ್ಲಿಷ್ ಆದರೂ ಪರವಾಗಿಲ್ಲ ಎನ್ನುವವರಿಗೆ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಕನ್ನಡವೇ ಬೇಕೆನ್ನುವವರಿಗೆ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ರಾಗ ಹಾಕಿದ 1978ರ ‘ನಿತ್ಯೋತ್ಸವ’. ಭಾವಗೀತೆಗಳ ವಿಷಯದಲ್ಲಿ ಒಬ್ಬ ಕವಿ, ಒಬ್ಬ ಸಂಯೋಜಕ ಎಂಬ ನಿಯಮವನ್ನು ನಾನು ಸಡಿಲಿಸುವುದಿಲ್ಲ. ಹಳೆಯ ಹಾಡುಗಳನ್ನು ಕೀಬೋರ್ಡ್ ತಾಳದೊಂದಿಗೆ ಹೊಸಬರಿಂದ ಹಾಡಿಸಿ, ಹೊದಿಕೆಯ ಮೇಲೆ ಮೂಲ ಗಾಯಕರ ಚಿತ್ರವನ್ನೇ ಅಚ್ಚುಹಾಕಿದ ಮುದ್ರಣಗಳು ಮಾರುಕಟ್ಟೆಯಲ್ಲಿವೆ. ಒಳಗಿನ ಸಣ್ಣ ಅಕ್ಷರಗಳನ್ನು ಓದದೆ ಯಾವುದನ್ನೂ ಕೊಳ್ಳಬೇಡಿ.

ಎರಡನೆಯ ಹಂತ: ಸರಿಯಾದ ಮುದ್ರಣ, ಸರಿಯಾದ ಗುಂಡಿ

ಆಲ್ಬಂ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲು ಪತ್ತೆ ಮಾಡಿ. ‘ಕಾಲ್ ಆಫ್ ದ ವ್ಯಾಲಿ’ ಐದನೆಯ ರಚನೆಯಾದ ಪಹಾಡಿ ರಾಗದೊಂದಿಗೆ ಮುಗಿಯುತ್ತದೆ. ಆದರೆ ಮುಂದೆ ಬಂದ ಸಿ.ಡಿ.ಯಲ್ಲಿ ಅದರ ಬೆನ್ನಿಗೇ ಇನ್ನೂ ಮೂರು ರಚನೆಗಳನ್ನು ಸೇರಿಸಿದ್ದಾರೆ. ‘ಕೈಂಡ್ ಆಫ್ ಬ್ಲೂ’ವಿನ 1997ರ ಸಿ.ಡಿ.ಯಲ್ಲಿಯೂ ಕೊನೆಯ ರಚನೆಯ ಮತ್ತೊಂದು ಧ್ವನಿಮುದ್ರಣ ಆರನೆಯದಾಗಿ ಬಂದು ಕೂತಿದೆ. ಇವು ಕೆಟ್ಟವೆಂದಲ್ಲ, ಆದರೆ ಮುಕ್ತಾಯವಾದ ಮೇಲೆ ಬರುವ ಸಂಗೀತ ಆ ಮುಕ್ತಾಯವನ್ನೇ ಅಳಿಸಿಬಿಡುತ್ತದೆ. ಆದ್ದರಿಂದ ‘ಐದನೆಯದು ಮುಗಿದ ಕೂಡಲೇ ನಿಲ್ಲಿಸಿ’ ಎಂದು ಬರೆದೇ ಕೊಡಿ.

‘ಕೈಂಡ್ ಆಫ್ ಬ್ಲೂ’ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮೊದಲ ಬದಿಯ ಮೂರು ರಚನೆಗಳನ್ನು 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಮುದ್ರಿಸಿಕೊಳ್ಳುವಾಗ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ, ಸರಿಯಾದ ವೇಗದಲ್ಲಿ ನುಡಿಸಿದಾಗ ಆ ಬದಿಯ ಶ್ರುತಿ ತುಸು ಏರಿ ಕೇಳಿಸುತ್ತಿತ್ತು. ಇದನ್ನು ತಿದ್ದಿದ್ದು 1992ರ ಮುದ್ರಣದಲ್ಲಿ. ಅದಕ್ಕಿಂತ ಹಳೆಯ ತಟ್ಟೆ ನಿಮ್ಮ ಮನೆಯಲ್ಲಿದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಹೊಸಬರಿಗೆ, ಅದರಲ್ಲೂ ತಂಬೂರಿ ಇಟ್ಟುಕೊಂಡು ಶ್ರುತಿ ನೋಡುವ ಹವ್ಯಾಸವಿರುವವರಿಗೆ, ತಿದ್ದಿದ ಮುದ್ರಣವನ್ನೇ ಕೊಡಿ.

ಫೋನಿನಲ್ಲಿ ಕೇಳುವವರಾದರೆ ಹಾಡುಗಳ ಅನುಕ್ರಮವನ್ನು ಕಲಸಿಬಿಡುವ ಷಫಲ್ ಗುಂಡಿ ಆರಿರಬೇಕು. ಗಾಯಕಿ ಅಡೆಲ್ 2021ರಲ್ಲಿ ಕೇಳಿಕೊಂಡ ಮೇಲೆ ಸ್ಪಾಟಿಫೈ ಆಲ್ಬಂ ಪುಟಗಳಲ್ಲಿ ತಾನಾಗಿ ಎದುರಾಗುತ್ತಿದ್ದ ಆ ಗುಂಡಿಯನ್ನು ತೆಗೆಯಿತಾದರೂ, ಫೋನ್ ಹಿಂದಿನ ಆಯ್ಕೆಯನ್ನೇ ನೆನಪಿಟ್ಟುಕೊಳ್ಳುವುದುಂಟು. ಒಂದು ಹಾಡಿನ ಕೊನೆಯ ಮೇಲೆ ಮುಂದಿನದನ್ನು ಹೊದಿಸುವ ಕ್ರಾಸ್‌ಫೇಡ್ ಸೊನ್ನೆಯಲ್ಲಿರಲಿ, ಹಾಡುಗಳ ನಡುವೆ ಬಿಡುವು ಸೇರಿಸದ ಗ್ಯಾಪ್‌ಲೆಸ್ ಆನ್ ಆಗಿರಲಿ. ಪಿಂಕ್ ಫ್ಲಾಯ್ಡ್ ಹಾಡುಗಳು ಒಂದರೊಳಗೊಂದು ಬೆಸೆದುಕೊಂಡಿರುವುದರಿಂದ ನಡುವೆ ಅರ್ಧ ಸೆಕೆಂಡ್ ಮೌನ ಬಂದರೂ ಕತ್ತರಿ ಹಾಕಿದ್ದು ಗೊತ್ತಾಗುತ್ತದೆ. ಜಾಹೀರಾತು ನುಗ್ಗುವ ಪುಕ್ಕಟೆ ಆ್ಯಪ್ ಬೇಡವೇ ಬೇಡ. ‘8ಡಿ ಆಡಿಯೊ’ ಎಂಬ ಹೆಸರಿನಲ್ಲಿ ಧ್ವನಿಯನ್ನು ತಲೆಯ ಸುತ್ತ ಗಿರಗಿರನೆ ಸುತ್ತಿಸುವ ವಿಡಿಯೊಗಳನ್ನಂತೂ ಹತ್ತಿರ ಸೇರಿಸಬೇಡಿ.

ಮೂರನೆಯ ಹಂತ: ಸಲಕರಣೆ

ಎಡ ಮತ್ತು ಬಲ ಬೇರೆಯಾಗಿ ಕೇಳಿಸುವ ಸಾಧಾರಣ ಇಯರ್‌ಫೋನ್ ಸಾಕು. ಬಣ್ಣದ ದೀಪ ಮಿನುಗುವ, ಬೇಸ್ ಒಂದನ್ನೇ ಗುದ್ದುವ ಒಂಟಿ ಬ್ಲೂಟೂತ್ ಡಬ್ಬಿ ಬೇಡ. ಸೂಟ್‌ಕೇಸಿನ ಆಕಾರದ ಅಗ್ಗದ ರೆಕಾರ್ಡ್ ಪ್ಲೇಯರ್‌ಗಳು ಈಗ ಉಡುಗೊರೆಯ ವಸ್ತುಗಳಾಗಿವೆ. ಒಳ್ಳೆಯ ಪ್ಲೇಯರಿನ ಕಾರ್ಟ್ರಿಜ್ಜಿನ (ಸೂಜಿ ಕೂರುವ ಪುಟ್ಟ ಭಾಗದ) ಸೂಜಿ ತಟ್ಟೆಯ ಮೇಲೆ ಎರಡು ಗ್ರಾಂ ಆಸುಪಾಸಿನ ಭಾರ ಹಾಕಿದರೆ ಇವುಗಳಲ್ಲಿ ಹಲವು ಅದರ ದುಪ್ಪಟ್ಟಿಗಿಂತ ಹೆಚ್ಚು ಭಾರ ಹೇರುತ್ತವೆ. ಪದೇ ಪದೇ ಕೇಳಬೇಕಾದ ತಟ್ಟೆಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ.

ನಾಲ್ಕನೆಯ ಹಂತ: ಮೂರು ಸಲ, ಮೂರು ಬಗೆ

ಬಹುತೇಕರು ಎಡವುವುದು ಇಲ್ಲಿಯೇ. ‘ಮತ್ತೆ ಮತ್ತೆ ಕೇಳಿ, ಆಗ ರುಚಿ ಹತ್ತುತ್ತದೆ’ ಎಂದು ಹೇಳಿ ಬಿಟ್ಟುಬಿಡುತ್ತಾರೆ. ಮೊದಲ ಸಲ ಕೇಳಿದ ರೀತಿಯಲ್ಲಿಯೇ ಎರಡನೆಯ ಸಲವೂ ಕೇಳಿದರೆ ಹತ್ತುವುದು ರುಚಿಯಲ್ಲ, ಜೊಂಪು. ಪ್ರತಿ ಸಲವೂ ಕಿವಿಗೆ ಬೇರೆ ಕೆಲಸ ಕೊಡಬೇಕು, ಮತ್ತು ಒಂದು ಸಲಕ್ಕೆ ಒಂದೇ ಕೆಲಸ ಕೊಡಬೇಕು.

ಮೊದಲ ಸಲಕ್ಕೆ ಒಂದು ವಾಕ್ಯಕ್ಕಿಂತ ಹೆಚ್ಚು ಹೇಳಬೇಡಿ. ‘ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನ, ಬೆಳಗಿನಿಂದ ರಾತ್ರಿಯವರೆಗೆ’ ಎಂದರೆ ‘ಕಾಲ್ ಆಫ್ ದ ವ್ಯಾಲಿ’ಗೆ ಸಾಕು. ಬದುಕೇ ಬದಲಾಗುತ್ತದೆ ಎಂಬಂತಹ ಮಾತನ್ನಾಡಿದರೆ ಕೇಳುವವರು ಬದುಕು ಬದಲಾಗುವುದನ್ನು ಕಾಯುತ್ತ ಕೂರುತ್ತಾರೆ, ಸಂಗೀತ ಅವರ ಪಕ್ಕದಲ್ಲೇ ಹಾದುಹೋಗುತ್ತದೆ. ಬಟ್ಟೆ ಮಡಚುತ್ತ ಕೇಳಲಿ, ಅವರೆಕಾಳು ಸುಲಿಯುತ್ತ ಕೇಳಲಿ, ಅಡ್ಡಿಯಿಲ್ಲ. ಆದರೆ ಓದುತ್ತ ಕೇಳಬಾರದು, ಫೋನಿನ ಪರದೆ ನೋಡುತ್ತ ಕೇಳಬಾರದು. ನೀವಂತೂ ಪಕ್ಕದಲ್ಲಿ ಕೂರಲೇಬಾರದು. ಸೋದರಮಾವನವರನ್ನು ಕೂರಿಸಿಕೊಂಡು, ಒಳ್ಳೆಯ ಜಾಗ ಬರುವುದಕ್ಕೆ ಹತ್ತು ಸೆಕೆಂಡ್ ಮೊದಲೇ ‘ಮಾವ, ಈಗ ಬರುತ್ತೆ ನೋಡಿ, ಈಗ’ ಎಂದು ಮೊಣಕೈಯಿಂದ ತಿವಿಯುವ ಅಳಿಯಂದಿರನ್ನು ಕಂಡಿದ್ದೇನೆ. ಮಾವ ಮರ್ಯಾದೆಗೆ ತಲೆದೂಗುತ್ತಾರೆ, ಇನ್ನೊಂದು ಸಲ ಅಳಿಯ ಕರೆದರೆ ಕೆಲಸವಿದೆ ಎನ್ನುತ್ತಾರೆ.

ಎರಡು ಮೂರು ದಿನ ಬಿಟ್ಟು ಎರಡನೆಯ ಸಲ. ಈಗ ಒಂದು ವಾದ್ಯದ ಬೆನ್ನು ಹತ್ತಲು ಹೇಳಿ, ಅದೂ ಮೊದಲ ಸಲ ಎದ್ದು ಕಾಣದ ವಾದ್ಯದ. ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಮೊದಲು ಕಿವಿ ಸೆಳೆಯುವುದು ಸಂತೂರ್. ಅದರ ನೂರರ ಆಸುಪಾಸಿನ ತಂತಿಗಳನ್ನು ಪುಟ್ಟ ಕೋಲುಗಳಿಂದ ಮೀಟಿದಾಗ ನಾದ ಹುಟ್ಟಿದ ಗಳಿಗೆಯಲ್ಲೇ ಕ್ಷೀಣಿಸತೊಡಗುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದಕ್ಕೆ ಒಲಿಯುವುದಿಲ್ಲ. ಹಾಗಾಗಿ ಸ್ವರವನ್ನು ಹಿಡಿದಿಡಬೇಕಾದಾಗ ಶರ್ಮಾ ಅವರು ಕೋಲುಗಳನ್ನು ನವಿರಾಗಿ, ಬಿಡುವಿಲ್ಲದೆ ಆಡಿಸುತ್ತಾರೆ. ಕಾಬ್ರಾ ಅವರ ಗಿಟಾರ್ ಇದಕ್ಕೆ ತೀರ ವಿರುದ್ಧ. ಅಡ್ಡಲಾಗಿ ಮಲಗಿಸಿಕೊಂಡು ತಂತಿಯ ಮೇಲೆ ಲೋಹದ ತುಂಡೊಂದನ್ನು ಜಾರಿಸುವ ಹವಾಯಿಯನ್ ಗಿಟಾರ್ ಅದು, ಜಾರುವುದೇ ಅದರ ಸ್ವಭಾವ. ಬಾನ್ಸುರಿಗೆ ಜಾರುವುದೂ ಗೊತ್ತು, ಉಸಿರಿರುವವರೆಗೆ ನಿಲ್ಲುವುದೂ ಗೊತ್ತು. ‘ಈ ಸಲ ಗಿಟಾರ್ ಒಂದನ್ನೇ ಹಿಂಬಾಲಿಸಿ, ಅದು ಸುಮ್ಮನಾದಾಗ ಅದರ ಜಾಗಕ್ಕೆ ಯಾರು ಬಂದರು ಎಂದು ನೋಡಿ’ ಎಂದಷ್ಟೇ ಹೇಳಿ. ಸಂತೂರ್ ಆಲ್ಬಂ ಎಂದುಕೊಂಡಿದ್ದವರಿಗೆ, ಗಾಯನದಂತೆ ಕೇಳಿಸುತ್ತಿದ್ದ ಎಷ್ಟೋ ಕಡೆ ಹಾಡುತ್ತಿದ್ದದ್ದು ಗಿಟಾರ್ ಎಂಬುದು ಆಗ ಹೊಳೆಯುತ್ತದೆ.

ಮೂರನೆಯ ಸಲಕ್ಕೆ ಕಿವಿಯನ್ನು ರಾಗದಿಂದ ರಾಗಕ್ಕೆ ದಾಟುವ ಬೆಸುಗೆಗಳ ಮೇಲೆ ಇಡಿಸಿ. ಆಲ್ಬಂ ಆರಂಭವಾಗುವುದು ಅಹಿರ್ ಭೈರವ ರಾಗದಲ್ಲಿ, ಅಲ್ಲಿಂದ ನಟ ಭೈರವಕ್ಕೆ ದಾಟುತ್ತದೆ. ಕರ್ನಾಟಕ ಸಂಗೀತದವರಿಗೆ ಚಕ್ರವಾಕದಿಂದ ಸರಸಾಂಗಿಗೆ ಎಂದರೆ ಬೇಗ ತಿಳಿಯುತ್ತದೆ. ಗಾಂಧಾರ, ಮಧ್ಯಮ, ಪಂಚಮ (ಗ, ಮ, ಪ) ಇದ್ದಲ್ಲೇ ಇರುತ್ತವೆ, ರಿಷಭ ಮತ್ತು ನಿಷಾದ (ರಿ, ನಿ) ಒಂದು ಮೆಟ್ಟಿಲು ಏರುತ್ತವೆ, ಧೈವತ (ಧ) ಒಂದು ಮೆಟ್ಟಿಲು ಇಳಿಯುತ್ತದೆ. ರಿಷಭವೊಂದನ್ನೇ ಗಮನಿಸಿದರೂ ಸಾಕು, ಬೆಳಗು ಎಲ್ಲಿ ಬಲಿಯಿತು ಎಂದು ಬೆರಳಿಟ್ಟು ತೋರಿಸಬಹುದು. ಮುಂದೆ ಹನ್ನೆರಡೂ ಸ್ವರಸ್ಥಾನಗಳೊಂದಿಗೆ ಸಲಿಗೆಯಿಂದ ಓಡಾಡುವ ಪೀಲೂ, ಅದರ ನಂತರ ಐದೇ ಸ್ವರಗಳ ಭೂಪ್, ಅಂದರೆ ನಮ್ಮ ಮೋಹನ. ಅಲ್ಲಿ ಮಧ್ಯಮವಿಲ್ಲ, ನಿಷಾದವಿಲ್ಲ. ಆ ಬೋಳುತನಕ್ಕೆ ಕಿವಿ ಹೊಂದಿಕೊಂಡ ಮೇಲೆ ಬರುವ ದೇಸ್ ರಾಗದಲ್ಲಿ ಏರುವಾಗ ಒಂದು, ಇಳಿಯುವಾಗ ಇನ್ನೊಂದು ಎಂದು ಎರಡೆರಡು ನಿಷಾದಗಳು ಸಿಗುತ್ತವೆ.

ನಂಬಿಕೆ ಬಾರದವರಿಗೆ ಒಂದು ಪ್ರಯೋಗವನ್ನು ಹೇಳಿಕೊಡಿ. ಭೂಪ್ ಅನ್ನು ಮೊದಲು ಕೇಳಿ, ಅನಂತರ ಪೀಲೂ, ಆಮೇಲೆ ದೇಸ್ ಕೇಳಲಿ. ಪೀಲೂವಿನಲ್ಲಿ ಆಗಲೇ ಎಲ್ಲ ನಿಷಾದಗಳನ್ನೂ ಕೇಳಿ ಬಂದ ಕಿವಿಗೆ ದೇಸ್‌ನ ನಿಷಾದ ವಿಶೇಷವೆನಿಸುವುದಿಲ್ಲ. ಅನುಕ್ರಮ ಕೆಡಿಸಿ ಕೇಳಲು ನಾನು ಅನುಮತಿ ಕೊಡುವುದು ಇದೊಂದೇ ಸಲ.

‘ಕೈಂಡ್ ಆಫ್ ಬ್ಲೂ’ಗೂ ಇದೇ ಕ್ರಮ. ಎರಡನೆಯ ಸಲಕ್ಕೆ ಪಾಲ್ ಚೇಂಬರ್ಸ್ ಅವರ ಬಾಸ್ ವಾದ್ಯವನ್ನು ಹಿಡಿಯಲು ಹೇಳಿ. ಮೊದಲ ರಚನೆಯ ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. 16 ಬಾರ್ (ಒಂದು ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆ) ಅದರಲ್ಲಿ ನಿಂತು, 8 ಬಾರ್ ಷಡ್ಜವೇ ಅರ್ಧ ಸ್ವರ ಮೇಲಕ್ಕೆ ಜರುಗಿ, ಮತ್ತೆ 8 ಬಾರ್ ಸ್ವಸ್ಥಾನಕ್ಕೆ ಮರಳುತ್ತದೆ. ಈ 32ರ ಆವರ್ತನವನ್ನು ತಾಳ ಹಾಕಿ ಬಲ್ಲವರು ಎರಡೇ ಸುತ್ತಿನಲ್ಲಿ ಹಿಡಿಯುತ್ತಾರೆ, ಹಿಡಿದ ಮೇಲೆ ಡೇವಿಸ್ ಮತ್ತು ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಆ ತಿರುವನ್ನು ಬೇರೆ ಬೇರೆಯಾಗಿ ದಾಟುವುದು ಕೇಳಿಸತೊಡಗುತ್ತದೆ. ಮೂರನೆಯ ಸಲಕ್ಕೆ ಒಗಟು ಕೊಡಿ: ಒಂದು ರಚನೆಯಲ್ಲಿ ಮಾತ್ರ ಪಿಯಾನೊ ನುಡಿಸಿದವರು ಬೇರೆ, ಯಾವುದರಲ್ಲಿ? ಅದು ಎರಡನೆಯದು. ಅಲ್ಲಿ ಬಿಲ್ ಇವಾನ್ಸ್ ಬದಲು ವಿಂಟನ್ ಕೆಲ್ಲಿ ಕೂತಿದ್ದಾರೆ. ಉತ್ತರವನ್ನು ಮೊದಲೇ ಹೇಳಿಬಿಡಬೇಡಿ.

ಪಿಂಕ್ ಫ್ಲಾಯ್ಡ್ ಆಲ್ಬಂನಲ್ಲಿ ಎರಡನೆಯ ಬದಿಯ ಮೊದಲ ಹಾಡು ಏಳು ಎಣಿಕೆಯದು. ಏಳು ಎಣಿಕೆಯ ಮಿಶ್ರ ಛಾಪು ತಾಳ ಹಾಕಿ ಅಭ್ಯಾಸವಿರುವವರು ಏಳನ್ನು ಎಣಿಸುತ್ತ ಹೋದರೆ ಗಿಟಾರಿನ ಭಾಗದಲ್ಲಿ ಅದು ನಾಲ್ಕಕ್ಕೆ ತಿರುಗಿ, ಆಮೇಲೆ ಏಳಕ್ಕೆ ಮರಳುವುದು ಕೈಗೇ ಗೊತ್ತಾಗುತ್ತದೆ. ಮೂರನೆಯ ಸಲಕ್ಕೆ ಆಲ್ಬಂನ ಮೊಟ್ಟಮೊದಲ ಮತ್ತು ಕಟ್ಟಕಡೆಯ ಸದ್ದನ್ನು ಹೋಲಿಸಲು ಹೇಳಿ.

‘ನಿತ್ಯೋತ್ಸವ’ದಂತಹ ಭಾವಗೀತೆಗಳ ಆಲ್ಬಂಗೆ ದಾರಿ ಇನ್ನೂ ಸುಲಭ. ಎರಡನೆಯ ಸಲ ಕವಿತೆಯನ್ನು ಪುಸ್ತಕದಲ್ಲಿ ಎದುರಿಗಿಟ್ಟುಕೊಂಡು ಕೇಳುವುದು, ಮೂರನೆಯ ಸಲ ಪುಸ್ತಕ ಮುಚ್ಚಿ, ಸಂಯೋಜಕರು ಯಾವ ಪದವನ್ನು ಎಳೆದರು, ಯಾವ ಸಾಲಿಗೆ ಮರಳಿದರು ಎಂಬುದನ್ನಷ್ಟೇ ಗಮನಿಸುವುದು. ಓದುತ್ತ ಕೇಳಬಾರದು ಎಂಬ ನಿಯಮಕ್ಕೆ ಇದೊಂದು ವಿನಾಯಿತಿ. ಆ್ಯಪ್‌ಗಳಲ್ಲಿ ಹಳೆಯ ಧ್ವನಿಸುರುಳಿಗಳ ಹಾಡುಗಳು ಚದುರಿಹೋಗಿ ಬೇರೆ ಸಂಗ್ರಹಗಳಲ್ಲಿ ಬೆರೆತಿರುವುದುಂಟು. ಮನೆಯಲ್ಲಿ ಹಳೆಯ ಕ್ಯಾಸೆಟ್ ಇದ್ದರೆ ಅದರ ಡಬ್ಬಿಯೊಳಗಿನ ಚೀಟಿಯಲ್ಲಿ ಎ ಬದಿ, ಬಿ ಬದಿಯ ಪಟ್ಟಿ ಇರುತ್ತದೆ. ಅದರ ಫೋಟೊ ತೆಗೆದು, ಅದೇ ಅನುಕ್ರಮದಲ್ಲಿ ಪ್ಲೇಲಿಸ್ಟ್ ಮಾಡಿ ಕೊಡಿ.

ಐದನೆಯ ಹಂತ: ವಿಚಾರಣೆ

‘ಚೆನ್ನಾಗಿತ್ತೇ?’ ಎಂದು ಕೇಳಬೇಡಿ, ಬರುವ ಉತ್ತರ ಗೊತ್ತಿರುವಂಥದ್ದೇ. ‘ಎಲ್ಲಿ ಬೇಸರವಾಯಿತು?’ ಎಂದು ಕೇಳಿ. ಅಹಿರ್ ಭೈರವದ ನಿಧಾನಗತಿಯಲ್ಲಿ ಆಯಿತು ಎಂದರೆ ಮುಂದಿನ ಸಲ ಪಿಂಕ್ ಫ್ಲಾಯ್ಡ್ ಕೊಡಬಹುದು. ತಬಲಾ ಬಂದ ಮೇಲೆ ಗದ್ದಲವೆನಿಸಿತು ಎಂದರೆ ‘ಕೈಂಡ್ ಆಫ್ ಬ್ಲೂ’. ಎಲ್ಲಿಯೂ ಆಗಲಿಲ್ಲ ಎಂದು ತಟ್ಟನೆ ಹೇಳಿದರೆ ಬಹುಶಃ ಕೇಳಿಲ್ಲ, ಒತ್ತಾಯ ಮಾಡಬೇಡಿ. ಇಡೀ ಆಲ್ಬಂನಲ್ಲಿ ಒಂದನ್ನೇ ಹಿಡಿದು ದಿನವೂ ಕೇಳುತ್ತಿದ್ದೇನೆ ಎಂದರೆ ಅವರು ಹಾಡು ಕೇಳುವವರು, ಆಲ್ಬಂ ಕೇಳುವವರಲ್ಲ. ಅದರಲ್ಲಿ ತಪ್ಪೇನಿಲ್ಲ, ಅವರಿಗೆ ಬಿಡಿ ಹಾಡುಗಳನ್ನೇ ಕಳುಹಿಸಿ. ಸಿ.ಡಿ. ಕೊಟ್ಟಿದ್ದರೆ ಮಾತ್ರ ಸಂಕೋಚವಿಲ್ಲದೆ ವಾಪಸು ಕೇಳಿ ತೆಗೆದುಕೊಳ್ಳಿ, ಸಿ.ಡಿ. ಅಂಗಡಿಗಳು ಒಂದೊಂದಾಗಿ ಮುಚ್ಚಿರುವ ಈ ಕಾಲದಲ್ಲಿ ಇನ್ನೊಂದನ್ನು ಹುಡುಕಿ ತರುವುದು ಸುಲಭವಲ್ಲ.