ಎಕ್ಸ್‌ಕವೇಟರ್ ಬಕೆಟ್‌ಗೆ ಯಾವ ವೆಲ್ಡಿಂಗ್?

ಬಕೆಟ್ ಬಿರುಕು ಬಿಟ್ಟಾಗ ಯಂತ್ರ ಎಲ್ಲಿ ನಿಂತಿದೆ ಎಂಬುದನ್ನು ಮೊದಲು ನೋಡಿ. ಬಯಲಿನಲ್ಲಾದರೆ ನನ್ನ ಆಯ್ಕೆ ರಾಡ್ ಬಳಸುವ ಸಾಮಾನ್ಯ ಆರ್ಕ್ ವೆಲ್ಡಿಂಗ್. ತಂತಿ ಮತ್ತು ಅನಿಲ ಬಳಸುವ ಮಿಗ್ ವೆಲ್ಡಿಂಗ್ ಆದರೆ ಅದರ ರಕ್ಷಣಾ ಅನಿಲವನ್ನು ಗಾಳಿ ಹೊತ್ತೊಯ್ಯುತ್ತದೆ, ಬೆಸುಗೆಯೊಳಗೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಶೆಡ್ಡಿನೊಳಗೆ ತಳದ ಪ್ಲೇಟನ್ನೇ ಬದಲಿಸುವಂಥ ಉದ್ದನೆಯ ಕೆಲಸವಿದ್ದರೆ ಫ್ಲಕ್ಸ್ ಕೋರ್ ತಂತಿ (ಒಳಗೆ ಬೆಸುಗೆಯನ್ನು ಕಾಪಾಡುವ ಪುಡಿ ತುಂಬಿದ ತಂತಿ) ಒಳ್ಳೆಯದು, ಕೆಲಸ ಬೇಗ ಸಾಗುತ್ತದೆ.

ರಾಡ್ ವಿಷಯದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ. 7018ರಂಥ ಕಡಿಮೆ ಹೈಡ್ರೋಜನ್ ರಾಡನ್ನೇ ಬಳಸಿ, ಅದನ್ನು ರಾಡ್ ಓವನ್‌ನಲ್ಲಿ ಬಿಸಿಯಾಗಿಯೇ ಇಡಿ. ತೇವ ಹೀರಿದ ರಾಡಿನಿಂದ ಹೈಡ್ರೋಜನ್ ಉಕ್ಕಿಗೆ ಸೇರುತ್ತದೆ; ನೋಡಲು ಅಚ್ಚುಕಟ್ಟಾದ ಬೆಸುಗೆಯ ಪಕ್ಕದಲ್ಲೇ ಒಂದೆರಡು ದಿನ ಕಳೆದ ಮೇಲೆ ಬಿರುಕು ಮೂಡಬಹುದು. ದಪ್ಪನೆಯ ಗಡಸು ಪ್ಲೇಟನ್ನು ಮೊದಲೇ ಕಾಯಿಸಿ, ಬೆಸೆದ ಮೇಲೆ ನಿಧಾನವಾಗಿ ಆರಲು ಬಿಡಿ, ನೀರು ಸುರಿಯಲೇಬೇಡಿ. ಮ್ಯಾಂಗನೀಸ್ ಉಕ್ಕಿನ ಭಾಗಗಳಿಗೆ ಮಾತ್ರ ಈ ಮಾತು ತದ್ವಿರುದ್ಧ: ಅವುಗಳ ಬಿಸಿ 260 ಡಿಗ್ರಿ ಸೆಲ್ಸಿಯಸ್ ದಾಟಬಾರದು.

ಬಿರುಕಿನ ಮೇಲೆಯೇ ಬೆಸೆದು ಮುಚ್ಚುವುದು ದುರಸ್ತಿಯಲ್ಲ. ತುದಿಗಳಲ್ಲಿ ರಂಧ್ರ ಕೊರೆದು, ಬಿರುಕನ್ನು ಬುಡದವರೆಗೆ ಕೆತ್ತಿ ತೆಗೆದು, ಆಮೇಲೆ ತುಂಬಿ. ಹಾರ್ಡ್‌ಫೇಸಿಂಗ್, ಅಂದರೆ ಮೇಲ್ಮೈಗೆ ಗಡಸು ಲೋಹದ ಪದರ ಬೆಸೆಯುವುದು, ಸವೆತ ತಡೆಯುವುದಕ್ಕೆ, ಜೋಡಿಸುವುದಕ್ಕಲ್ಲ.

ಬ್ಯಾಟರಿಯ ಸಂಪರ್ಕ ಕಳಚಿಡಿ. ಅರ್ತ್ ಕ್ಲ್ಯಾಂಪನ್ನು ಬಕೆಟ್ಟಿಗೇ, ಬೆಸುಗೆಯ ಹತ್ತಿರವೇ ಹಾಕಿ. ಇಲ್ಲದಿದ್ದರೆ ಕರೆಂಟು ಪಿನ್ನು, ಬುಷ್‌ಗಳ ಮೂಲಕ ಹರಿದು ಅವುಗಳನ್ನೂ ಹಾಳುಮಾಡುತ್ತದೆ.