ಫೈನಲ್ ಎಕ್ಸ್‌ಪೆನ್ಸ್ ವಿಮೆ: ಕಂಪನಿಯನ್ನು ಆರಿಸುವಾಗ ಏಜೆಂಟರು ಬೆಲೆಯನ್ನು ತೂಗಬೇಕಾದ ಬಗೆ

ಅಮೆರಿಕದಲ್ಲಿ ಫೈನಲ್ ಎಕ್ಸ್‌ಪೆನ್ಸ್ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಅಂತ್ಯಕ್ರಿಯೆಯ ಖರ್ಚಿಗೆಂದು ಮಾಡಿಸುವ, ಚಿಕ್ಕ ಮೊತ್ತದ ಆಜೀವ ವಿಮೆ. ಹೆಚ್ಚಾಗಿ ಐವತ್ತರಿಂದ ಎಂಬತ್ತೈದು ವರ್ಷದೊಳಗಿನವರು 5,000ದಿಂದ 25,000 ಡಾಲರ್‌ವರೆಗಿನ ಮೊತ್ತಕ್ಕೆ ಇದನ್ನು ಕೊಳ್ಳುತ್ತಾರೆ. ವೈದ್ಯಕೀಯ ತಪಾಸಣೆ ಇರುವುದಿಲ್ಲ, ಆರಂಭದಲ್ಲಿ ನಿಗದಿಯಾದ ಪ್ರೀಮಿಯಂ ಮುಂದೆ ಏರುವುದೂ ಇಲ್ಲ. ಕೊಳ್ಳುವವರಲ್ಲಿ ಬಹಳ ಮಂದಿ ಸೋಶಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರದ ಪಿಂಚಣಿ ಹಣವನ್ನೇ ನಂಬಿ ಬದುಕುವ ಹಿರಿಯರು. ಮರಣದ ಸಂದರ್ಭದಲ್ಲಿ ಸೋಶಿಯಲ್ ಸೆಕ್ಯುರಿಟಿಯಿಂದ ಸಿಗುವ ಒಂದು ಬಾರಿಯ ನೆರವು ಕೇವಲ 255 ಡಾಲರ್. ಅಂತ್ಯಕ್ರಿಯೆ ನಿರ್ವಾಹಕರ ರಾಷ್ಟ್ರೀಯ ಸಂಘದ 2023ರ ಅಂಕಿಅಂಶದಂತೆ, ಅಂತಿಮ ದರ್ಶನ ಮತ್ತು ದಫನದೊಂದಿಗೆ ನಡೆಯುವ ಅಂತ್ಯಕ್ರಿಯೆಯ ಮಧ್ಯಕ (ಮೀಡಿಯನ್) ವೆಚ್ಚ 8,300 ಡಾಲರ್. ಇಂಥ ಗ್ರಾಹಕರಿಗೆ ತಿಂಗಳಿಗೆ ಹತ್ತು ಡಾಲರ್ ಉಳಿದರೂ ಅದು ದೊಡ್ಡ ಮಾತು. ಆದ್ದರಿಂದಲೇ ಏಜೆಂಟನು ಬೆಲೆಯನ್ನು ಗಂಭೀರವಾಗಿ ನೋಡಬೇಕು, ಆದರೆ ದರಪಟ್ಟಿಯ ಅತಿ ಕಡಿಮೆ ಅಂಕಿಯನ್ನೇ ಅತಿ ಕಡಿಮೆ ಬೆಲೆಯೆಂದು ತಿಳಿಯಬಾರದು.

ಮೊದಲ ಕೆಲಸ ಆರೋಗ್ಯದ ವಿಚಾರಣೆ. ದರಪಟ್ಟಿಯನ್ನು ತೆರೆಯುವುದು ಆಮೇಲೆ. ಗ್ರಾಹಕರ ಔಷಧಿ ಬಾಟಲಿಗಳನ್ನು ಒಂದೊಂದಾಗಿ ನೋಡಿ, ಹೆಸರು, ಪ್ರಮಾಣ, ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದಾರೆ, ಯಾವ ಕಾಯಿಲೆಗೆ ಎಂಬುದನ್ನು ಬರೆದುಕೊಳ್ಳಬೇಕು. ಏಕೆಂದರೆ ಕಂಪನಿಗಳು ಅರ್ಜಿಯ ಉತ್ತರಗಳ ಜೊತೆಗೆ ಔಷಧಿ ಖರೀದಿಯ ದಾಖಲೆಯನ್ನೂ ಪರಿಶೀಲಿಸುತ್ತವೆ. ಫ್ಯೂರೋಸೆಮೈಡ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಕಾಲಿನ ಊತಕ್ಕೆಂದು ವೈದ್ಯರು ಅದನ್ನು ಬರೆದುಕೊಟ್ಟಿರಬಹುದು, ಆದರೆ ಹೃದಯ ವೈಫಲ್ಯಕ್ಕೂ ಅದೇ ಮಾತ್ರೆ ಬಳಕೆಯಲ್ಲಿದೆ. ಅದನ್ನು ಕಂಡೊಡನೆ ಹಿಂಜರಿಯುವ ಕಂಪನಿಗಳಿವೆ, ಕಾರಣವನ್ನು ವಿಚಾರಿಸಿ ಒಪ್ಪುವ ಕಂಪನಿಗಳೂ ಇವೆ. ಗ್ಯಾಬಪೆಂಟಿನ್, ಇನ್ಸುಲಿನ್, ಉಸಿರಾಟದ ಇನ್‌ಹೇಲರ್‌ಗಳ ವಿಷಯದಲ್ಲೂ ಒಂದು ಕಂಪನಿಯ ನಿಯಮ ಇನ್ನೊಂದರದಕ್ಕಿಂತ ಬೇರೆಯಾಗಿರಬಹುದು.

ಈ ಉತ್ತರಗಳ ಮೇಲೆ ಗ್ರಾಹಕರು ಯಾವ ವರ್ಗಕ್ಕೆ ಸೇರುತ್ತಾರೆ ಎಂಬುದು ನಿರ್ಧಾರವಾಗುತ್ತದೆ. ಲೆವೆಲ್ ವರ್ಗದಲ್ಲಿ ಮೊದಲ ದಿನದಿಂದಲೇ ಪೂರ್ತಿ ಮೊತ್ತದ ರಕ್ಷಣೆಯಿದೆ. ಗ್ರೇಡೆಡ್ ವರ್ಗದಲ್ಲಿ ಮೊದಲ ಎರಡು ವರ್ಷಗಳಲ್ಲಿ ಮೊತ್ತದ ಒಂದು ಭಾಗ ಮಾತ್ರ ಸಿಗುತ್ತದೆ. ಆರೋಗ್ಯದ ಪ್ರಶ್ನೆಯನ್ನೇ ಕೇಳದ ಗ್ಯಾರಂಟೀಡ್ ಇಶ್ಯೂ ಪಾಲಿಸಿಯಲ್ಲಿ, ಸಾಮಾನ್ಯವಾಗಿ ಎರಡು ವರ್ಷದೊಳಗೆ ಸಹಜ ಮರಣ ಸಂಭವಿಸಿದರೆ ಕಟ್ಟಿದ ಪ್ರೀಮಿಯಂ ಮತ್ತು ಅದರ ಮೇಲೆ ಸ್ವಲ್ಪ ಬಡ್ಡಿಯಷ್ಟೇ ಕುಟುಂಬದ ಕೈಸೇರುತ್ತದೆ. ಬೆಲೆಯ ಹೋಲಿಕೆಯನ್ನು ಒಂದೇ ವರ್ಗದೊಳಗೆ ಮಾಡಬೇಕು. ಒಂದು ಕಂಪನಿಯ ಲೆವೆಲ್ ದರ ತಿಂಗಳಿಗೆ ನಾಲ್ಕು ಡಾಲರ್ ಹೆಚ್ಚಿದ್ದು, ಅಗ್ಗದ ಕಂಪನಿ ಅದೇ ವ್ಯಕ್ತಿಯನ್ನು ಗ್ರೇಡೆಡ್ ವರ್ಗಕ್ಕೆ ತಳ್ಳುವುದಾದರೆ, ಮೊದಲನೆಯದೇ ನಿಜಕ್ಕೂ ಅಗ್ಗ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಟಿವಿ ಜಾಹೀರಾತು ನೋಡಿದ ಗ್ರಾಹಕರು ಕಲೋನಿಯಲ್ ಪೆನ್ ಕಂಪನಿಯ 9.95 ಡಾಲರ್ ಯೂನಿಟ್ಟಿನ ಪ್ರಸ್ತಾಪ ಮಾಡುವುದುಂಟು. ಅಲ್ಲಿ ಎಲ್ಲರಿಗೂ ಒಂದೇ ಆಗಿರುವುದು ಒಂದು ಯೂನಿಟ್ಟಿನ ತಿಂಗಳ ಬೆಲೆ. ಆ ಬೆಲೆಗೆ ಸಿಗುವ ವಿಮಾ ಮೊತ್ತ ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ, ಮೇಲೆ ಹೇಳಿದ ಎರಡು ವರ್ಷದ ಮಿತಿಯೂ ಇದೆ. ಅದನ್ನು ಹಳಿಯಬೇಕಾದ ಅಗತ್ಯವಿಲ್ಲ. ಆ ವಯಸ್ಸಿಗೆ ಒಂದು ಯೂನಿಟ್ಟಿಗೆ ಎಷ್ಟು ಮೊತ್ತ ಬರುತ್ತದೆ ಎಂಬುದನ್ನು ಮುಂದಿಟ್ಟರೆ ಸಾಕು.

ಒಂದೇ ವರ್ಗದಲ್ಲಿ ಎರಡು ಮೂರು ಕಂಪನಿಗಳು ಉಳಿದಾಗ ಲೆಕ್ಕವನ್ನು ಪೂರ್ತಿ ಮಾಡಬೇಕು. ಪ್ರೀಮಿಯಂನಲ್ಲಿ ಮೂರು ಅಂಶಗಳು ಸೇರಿರುತ್ತವೆ: ಸಾವಿರ ಡಾಲರ್ ವಿಮಾ ಮೊತ್ತಕ್ಕೆ ಇಷ್ಟೆಂಬ ದರ, ವರ್ಷಕ್ಕೊಮ್ಮೆ ಸೇರುವ ಪಾಲಿಸಿ ಶುಲ್ಕ, ಮತ್ತು ವಾರ್ಷಿಕ ಪ್ರೀಮಿಯಂನಿಂದ ತಿಂಗಳ ಕಂತನ್ನು ಕಂಡುಹಿಡಿಯುವ ಗುಣಕ. ಒಂದು ಕಂಪನಿಯ ದರ ಸಾವಿರಕ್ಕೆ 60 ಡಾಲರ್, ಶುಲ್ಕ 30 ಡಾಲರ್ ಎಂದಿಟ್ಟುಕೊಳ್ಳಿ. ಇನ್ನೊಂದರದು ಸಾವಿರಕ್ಕೆ 57, ಶುಲ್ಕ 48 ಇರಲಿ. 5,000 ಡಾಲರ್ ಪಾಲಿಸಿಗೆ ವರ್ಷಕ್ಕೆ ಮೊದಲನೆಯದರಲ್ಲಿ 330, ಎರಡನೆಯದರಲ್ಲಿ 333 ಡಾಲರ್ ಆಗುತ್ತದೆ. ಅದೇ 15,000 ಡಾಲರ್ ಪಾಲಿಸಿಗೆ ಮೊದಲನೆಯದು 930, ಎರಡನೆಯದು 903. ಅಂದರೆ ಅಗ್ಗದ ಕಂಪನಿ ಯಾವುದೆಂಬುದೇ ತಿರುವುಮುರುವಾಯಿತು. ಈಗ ಮೊದಲನೆಯದರ ತಿಂಗಳ ಗುಣಕ 0.0875, ಎರಡನೆಯದರದು 0.09 ಆಗಿದ್ದರೆ, ಕಂತು ಕ್ರಮವಾಗಿ 81.38 ಮತ್ತು 81.27 ಡಾಲರ್. ವರ್ಷದ ಲೆಕ್ಕದಲ್ಲಿ ಕಂಡ 27 ಡಾಲರ್ ಅಂತರ ತಿಂಗಳ ಕಂತಿನಲ್ಲಿ ಹನ್ನೊಂದು ಸೆಂಟ್‌ಗೆ ಇಳಿಯಿತು. ಗ್ರಾಹಕರು ತಿಂಗಳ ಕಂತಿನಲ್ಲಿ ಕಟ್ಟುವವರಾದ್ದರಿಂದ, ಅವರು ಕೇಳಿದ ಮೊತ್ತಕ್ಕೆ ತಿಂಗಳ ಕಂತನ್ನೇ ಹೋಲಿಸಬೇಕು.

ವಯಸ್ಸಿನ ಲೆಕ್ಕದಲ್ಲೂ ಹಣ ಅಡಗಿದೆ. ಕೆಲವು ಕಂಪನಿಗಳು ಕಳೆದ ಹುಟ್ಟುಹಬ್ಬದ ವಯಸ್ಸನ್ನೂ, ಕೆಲವು ಹತ್ತಿರದ ಹುಟ್ಟುಹಬ್ಬದ ವಯಸ್ಸನ್ನೂ ಹಿಡಿಯುತ್ತವೆ. ಎಪ್ಪತ್ತು ವರ್ಷ ಏಳು ತಿಂಗಳಾದವರು ಒಂದು ಕಡೆ ಎಪ್ಪತ್ತರವರು, ಇನ್ನೊಂದು ಕಡೆ ಎಪ್ಪತ್ತೊಂದರವರು. ಈ ಇಳಿವಯಸ್ಸಿನಲ್ಲಿ ಒಂದು ವರ್ಷದ ವ್ಯತ್ಯಾಸವೂ ದರದಲ್ಲಿ ಎದ್ದು ಕಾಣುತ್ತದೆ, ಮತ್ತು ಆ ವ್ಯತ್ಯಾಸವನ್ನು ಗ್ರಾಹಕರು ಬದುಕಿರುವವರೆಗೂ ಹೊರಬೇಕಾಗುತ್ತದೆ. ಪಾಲಿಸಿಯ ದಿನಾಂಕವನ್ನು ಕೆಲವು ತಿಂಗಳು ಹಿಂದಕ್ಕೆ ಹಾಕಿ ಹಳೆಯ ವಯಸ್ಸನ್ನು ಉಳಿಸಿಕೊಳ್ಳಲು ಕಂಪನಿ ಅವಕಾಶ ಕೊಡುವುದಾದರೆ, ಆ ತಿಂಗಳುಗಳ ಬಾಕಿ ಕಂತನ್ನೂ ಕಟ್ಟಬೇಕಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸಿಗಾರ್ ಅಥವಾ ಪೈಪ್ ಸೇದುವವರನ್ನು ತಂಬಾಕು ಬಳಸದವರ ದರದಲ್ಲಿ ಒಪ್ಪುವ ಕಂಪನಿಗಳೂ ಇರುವುದರಿಂದ ಅದನ್ನೂ ವಿಚಾರಿಸಿ.

ಕಂತು ಬ್ಯಾಂಕಿನಿಂದ ಕಡಿತವಾಗುವ ದಿನವನ್ನು ಬೆಲೆಯ ಭಾಗವೆಂದೇ ನಾನು ಎಣಿಸುತ್ತೇನೆ. ಸೋಶಿಯಲ್ ಸೆಕ್ಯುರಿಟಿ ಹಣ ಬಹಳಷ್ಟು ಜನರಿಗೆ ಜನ್ಮದಿನಾಂಕಕ್ಕೆ ತಕ್ಕಂತೆ ತಿಂಗಳ ಎರಡನೆಯ, ಮೂರನೆಯ ಅಥವಾ ನಾಲ್ಕನೆಯ ಬುಧವಾರ ಬರುತ್ತದೆ; 1997ರ ಮೇ ತಿಂಗಳಿಗೆ ಮೊದಲೇ ಪಡೆಯಲು ಆರಂಭಿಸಿದವರಿಗೆ ಮೂರನೆಯ ತಾರೀಖಿಗೆ ಬರುತ್ತದೆ. ಖಾತೆ ಬರಿದಾಗಿರುವ ದಿನ ಕಡಿತಕ್ಕೆ ಹೋದರೆ ಬ್ಯಾಂಕ್ ದಂಡ ಹಾಕಬಹುದು, ಮತ್ತೆ ಮತ್ತೆ ಹೀಗಾದರೆ ಪಾಲಿಸಿಯೇ ಲ್ಯಾಪ್ಸ್ ಆಗುತ್ತದೆ, ಅಂದರೆ ಕಂತು ಸಲ್ಲದೆ ರದ್ದಾಗುತ್ತದೆ. ಹಣ ಬರುವ ಬುಧವಾರಕ್ಕೇ ಕಡಿತವನ್ನು ಹೊಂದಿಸುವ ಕಂಪನಿಗೆ ತಿಂಗಳಿಗೆ ಒಂದೆರಡು ಡಾಲರ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕಮಿಷನ್ ವಿಷಯ. ಬೆಲೆ ಹೆಚ್ಚಿರುವ ಕಂಪನಿ ಕೆಲವೊಮ್ಮೆ ಏಜೆಂಟನಿಗೆ ಹೆಚ್ಚು ಕೊಡುತ್ತದೆ, ಹಲವು ತಿಂಗಳ ಕಮಿಷನ್ನನ್ನು ಮುಂಗಡವಾಗಿಯೂ ಕೊಡುತ್ತದೆ. ಆದರೆ ಗ್ರಾಹಕರು ಬೇಗ ಕಟ್ಟುವುದನ್ನು ನಿಲ್ಲಿಸಿದರೆ ಗಳಿಸದ ಮುಂಗಡ ಚಾರ್ಜ್‌ಬ್ಯಾಕ್ ಆಗಿ ಏಜೆಂಟನಿಂದ ಕಂಪನಿಗೆ ಹಿಂದಕ್ಕೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ದುಬಾರಿ ಪಾಲಿಸಿ ಕೈಬಿಟ್ಟುಹೋದ ಮನೆಯಲ್ಲಿ ಅಂತ್ಯಕ್ರಿಯೆಯ ದಿನ ಸಾಲ ಮಾಡುವವರು ಮಕ್ಕಳು. ಆದ್ದರಿಂದ ಹೋಲಿಕೆಯ ಹಾಳೆಯಲ್ಲಿ ಕಮಿಷನ್ನಿಗೆ ಒಂದು ಕಾಲಂ ಇರಲೇಬಾರದು. ಬೆಲೆಗಳು ಸರಿಸಮವಾದಾಗ ನೋಡಬೇಕಾದದ್ದು ವಿಮಾ ಕಂಪನಿಗಳ ಆರ್ಥಿಕ ಬಲವನ್ನು ಅಳೆಯುವ ಎ.ಎಂ. ಬೆಸ್ಟ್ ಸಂಸ್ಥೆ ಕೊಟ್ಟಿರುವ ಆರ್ಥಿಕ ಶ್ರೇಯಾಂಕವನ್ನು, ಮತ್ತು ಕ್ಲೇಮ್ ಹಣವನ್ನು ಕಂಪನಿ ಎಷ್ಟು ಬೇಗ ಕೊಡುತ್ತದೆ ಎಂಬುದನ್ನು.

ಗ್ರಾಹಕರ ಬಳಿ ಈಗಾಗಲೇ ಪಾಲಿಸಿ ಇದ್ದರೆ ಲೆಕ್ಕ ಬೇರೆ. ಹೊಸ ಕಂಪನಿ ಕಡಿಮೆ ಬೆಲೆ ಹೇಳಿದರೂ, ಸಾಮಾನ್ಯವಾಗಿ ಎರಡು ವರ್ಷಗಳ ತಕರಾರು ಅವಧಿ (ಅರ್ಜಿಯ ಉತ್ತರ ತಪ್ಪೆಂದು ಕಂಪನಿ ಕ್ಲೇಮನ್ನು ಪ್ರಶ್ನಿಸಬಹುದಾದ ಕಾಲ) ಮೊದಲಿನಿಂದ ಶುರುವಾಗುತ್ತದೆ, ಹಳೆಯ ಪಾಲಿಸಿಯಲ್ಲಿ ಕೂಡಿದ ನಗದು ಮೌಲ್ಯವನ್ನೂ (ಪಾಲಿಸಿ ಬಿಟ್ಟರೆ ಕೈಗೆ ಬರುವ ಹಣ) ಪರಿಗಣಿಸಬೇಕಾಗುತ್ತದೆ. ಉಳಿತಾಯ ಸ್ಪಷ್ಟವಾಗಿದ್ದು, ಹೊಸ ಪಾಲಿಸಿಯೂ ಲೆವೆಲ್ ವರ್ಗದಲ್ಲೇ ಮಂಜೂರಾಗುವುದಿದ್ದರೆ ಮಾತ್ರ ಬದಲಾವಣೆಯ ಮಾತೆತ್ತಬೇಕು; ಆಗಲೂ ರಾಜ್ಯದ ನಿಯಮದಂತೆ ಹಳೆಯ ಪಾಲಿಸಿಯ ಬದಲು ಹೊಸದನ್ನು ಕೊಳ್ಳುವಾಗಿನ ರಿಪ್ಲೇಸ್‌ಮೆಂಟ್ ಫಾರ್ಮ್ ತುಂಬಿಸಿ, ಹೊಸ ಪಾಲಿಸಿ ಜಾರಿಗೆ ಬಂದು ಕೈಸೇರುವವರೆಗೆ ಹಳೆಯದರ ಕಂತನ್ನು ನಿಲ್ಲಿಸದಂತೆ ಗ್ರಾಹಕರಿಗೆ ಬರಹದಲ್ಲೇ ತಿಳಿಸಬೇಕು.